ಆಚಾರಿಯ ಮನೆಗೆ ಬಂದ ಮೋಡೆಮ್

ಶಿವಾರಪಟ್ಟಣದ ಕೋದಂಡರಾಮಾಚಾರಿಗೆ ಕಲ್ಲಿನ ಜೊತೆ ಮಾತಾಡಿ ಮಾತಾಡಿ ಸಾಕಾಗಿಹೋಗಿತ್ತು. ಹೆಂಡತಿ ಶ್ಯಾಮಲಮ್ಮ ತೀರಿಕೊಂಡು ನಾಲ್ಕು ವರ್ಷ, ಮಕ್ಕಳಿಲ್ಲ. ಮನೆಗೆ ಜನ ಅಂತ ಬರುತ್ತಿದ್ದವರು ವಿಗ್ರಹ ಮಾಡಿಸುವವರು ಮಾತ್ರ. ಒಬ್ಬೊಬ್ಬರೂ ಮೂರು ಸಲ ಬರುವುದು ವಾಡಿಕೆ: ಕಲ್ಲು ಆರಿಸಲು, ಮುಖ ತಿದ್ದಿದ ಮೇಲೆ ನೋಡಲು, ಕೊನೆಗೆ ಒಯ್ಯಲು. ಬಂದವರನ್ನು ಊಟವಿಲ್ಲದೆ ಕಳಿಸಿದ ಮನುಷ್ಯನೇ ಅಲ್ಲ ಆತ.

2008ರ ಹೊತ್ತಿಗೆ ಗಿರಾಕಿಗಳು "ಇಂಟರ್‌ನೆಟ್ ಇದೆಯಾ?" ಎಂದು ಕೇಳತೊಡಗಿದರು. ಇಲ್ಲ ಅಂದರೆ ಪಕ್ಕದ ಬೀದಿಯ ಶಿಲ್ಪಿಗಳ ಹತ್ತಿರ ನಡೆದುಬಿಡುತ್ತಿದ್ದರು. ಹಾಳಾಗಿ ಹೋಗಲಿ, ಜನ ಬಂದರೆ ಸಾಕು ಎಂದು ಆಚಾರಿ ಹಳೇ ಕಂಪ್ಯೂಟರನ್ನೂ ಒಂದು ಕ್ಯಾಮರಾವನ್ನೂ ತಂದು ಫೋನಿನವರಿಗೆ ಅರ್ಜಿ ಹಾಕಿದ.

ಮಾಲೂರಿನಿಂದ ಲೈನ್‌ಮನ್ ಶ್ರೀರಾಮಪ್ಪ ಡಬ್ಬಿ ತಂದ. ಮೋಡೆಮ್ಮೂ ರೌಟರೂ ಒಂದರಲ್ಲೇ. ಆಚಾರಿ ಅದನ್ನು ಕೆತ್ತನೆಯ ಚಪ್ಪರದಲ್ಲಿ ಇಡಲು ಹೊರಟ.

"ಅಯ್ಯೋ ಸಾಮಿ, ಕಲ್ಲುಧೂಳು ಕುಡಿದು ಸತ್ತೋಗ್ತದೆ, ಒಳಗಿಡಿ!" ಎಂದು ಗದರಿ ಶ್ರೀರಾಮಪ್ಪ ನಡುಮನೆಯಲ್ಲಿ ಫೋನಿನ ತಂತಿ ಸಿಕ್ಕಿಸಿದ. ದೀಪಗಳು ಮಿಣುಕಿ ಮಿಣುಕಿ ಹಸಿರಾಗಿ ನಿಂತವು. "ಹಿಂದ್ಗಡೆ ನಾಲ್ಕು ತೂತವೆ. ನಾಲ್ಕು ಜನ ಒಟ್ಟಿಗೆ ಕೂತು ನೋಡ್ಬೋದು. ಮನೇಲಿ ಎಷ್ಟ್ ಜನ?"

"ನಾನೊಬ್ನೇ ಕಣಪ್ಪ."

ಶ್ರೀರಾಮಪ್ಪ ಒಂದೇ ತೂತಿಗೆ ತಂತಿ ಚುಚ್ಚಿದ. ಫೋಟೋ ಕಳಿಸುವುದನ್ನು ಎರಡು ಸಲ ತೋರಿಸಿ, ಕೊಟ್ಟ ಕಾಫಿಯನ್ನು ನಿಂತೇ ಕುಡಿದು ಹೊರಟುಹೋದ.

ಶ್ರೀನಿವಾಸಪುರದ ಕಡೆಯ ಸುಬ್ಬರಾಯಪ್ಪ ತಮ್ಮೂರ ಗುಡಿಗೆ ವೇಣುಗೋಪಾಲನನ್ನು ಮಾಡಿಸುತ್ತಿದ್ದರು. ಅದರ ಮುಖದ ಫೋಟೋವನ್ನು ಆಚಾರಿ ಅಂದೇ ಕಳಿಸಿದ. ಅದನ್ನು ನೋಡಿದವರು ಓಡೋಡಿ ಬರುತ್ತಾರೆ ಅಂತ ನಂಬಿ, ಐದು ಜನಕ್ಕಾಗುವಷ್ಟು ಅವರೆಕಾಳು ನೆನೆಹಾಕಿದ. ಸಂಜೆ ಉತ್ತರ ಬಂತು: "ಮುಖ ಬಹಳ ಚೆನ್ನಾಗಿದೆ. ಬಂದು ನೋಡಿದ ಹಾಗೇ ಆಯಿತು. ನಾವು ಬರುವುದಿಲ್ಲ, ಲಾರಿ ಕಳಿಸುತ್ತೇವೆ."

ಆಚಾರಿಗೆ ಅಳು ಬಂತು. ಅಲ್ಲಯ್ಯಾ, ಜನ ಬರಲೆಂದು ತಂದ ಡಬ್ಬಿಯೇ ಜನರನ್ನು ತಡೆದರೆ ಯಾರ ಹತ್ತಿರ ಹೇಳಿಕೊಳ್ಳುವುದು! ಒಂದೊಂದೇ ಅಕ್ಷರ ಕುಟ್ಟಿ ಬರೆದ: "ಗಲ್ಲದ ಹತ್ತಿರ ಕೂದಲೆಳೆಯಷ್ಟು ಬಿರುಕಿದೆ. ಫೋಟೋದಲ್ಲಿ ಕಾಣುವುದಿಲ್ಲ. ಬಂದು ನೋಡಿ." ಬಿರುಕು ಬಿಟ್ಟ ದೇವರನ್ನು ಯಾರೂ ಪೂಜಿಸುವುದಿಲ್ಲ, ಇನ್ನು ಬರದೆ ಇರಲಾರರು. ಮೂವತ್ತು ವರ್ಷದಲ್ಲಿ ತನ್ನ ಕೆಲಸದ ಬಗ್ಗೆ ಅವನು ಹೇಳಿದ ಮೊದಲ ಸುಳ್ಳು ಅದು.

ಹತ್ತೇ ನಿಮಿಷಕ್ಕೆ ಉತ್ತರ: "ಬಿರುಕನ್ನು ಹತ್ತಿರದಿಂದ ಫೋಟೋ ತೆಗೆದು ಕಳಿಸಿ."

ಆಚಾರಿ ಕ್ಯಾಮರಾ ಹಿಡಿದು ಚಪ್ಪರಕ್ಕೆ ಹೋದ. ವೇಣುಗೋಪಾಲನ ಗಲ್ಲ ಸವರಿದ. ಎಲ್ಲೂ ಕೈಗೆ ತಡೆಯಲಿಲ್ಲ. ಕೈ ಉಳಿಯ ಕಡೆ ಹೋಯಿತು, ನಾಚಿ ಹಿಂದಕ್ಕೆ ಬಂತು. ಒಳಗೆ ಬಂದು ಬರೆದ: "ಬಿರುಕಿಲ್ಲ. ನನ್ನ ಕಣ್ಣು ಮೋಸ ಮಾಡಿತು. ಲಾರಿ ಕಳಿಸಿ."