ಸಪ್ಪಳ ಮಾಡದ ಚಿಲ್ಲರೆ ಡಬ್ಬಿ

ಇದನ್ನು ಹೇಳಬೇಕೆಂದುಕೊಂಡು ಎಷ್ಟೋ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ನೆಪಗಳಿಗೆ ನನ್ನಲ್ಲಿ ಎಂದೂ ಬರವಿರಲಿಲ್ಲ. ಇತ್ತೀಚಿನ ನೆಪವೆಂದರೆ ಒಂದು ಡಬ್ಬಿ. ಕಾರಿನ ಮುಂದಿನ ಎರಡು ಸೀಟುಗಳ ನಡುವೆ, ಗೇರಿನ ಹಿಂದಿನ ತಗ್ಗಿನಲ್ಲಿ ಕೂರುವ, ಚಿಲ್ಲರೆ ನಾಣ್ಯ ಹಿಡಿಯುವ, ಆದರೆ ಸಪ್ಪಳ ಮಾಡದ ಡಬ್ಬಿ. ಅದೊಂದು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ. ಈಗ ಡಬ್ಬಿ ಮುಗಿದುಬಿಟ್ಟಿದೆ.

ಈ ಕಾಲದಲ್ಲಿ ಚಿಲ್ಲರೆ ಯಾರಿಗೆ ಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಚಹಾದ ಅಂಗಡಿಯಲ್ಲೂ ಫೋನು ಹಿಡಿದರೆ ಸಾಕು. ಆದರೆ ನನ್ನ ಹೆಂಡತಿಯ ತವರು ಜಮಖಂಡಿ ಕಡೆ. ನಮ್ಮ ವಿಜಯಪುರದಿಂದ ಬಬಲೇಶ್ವರ ದಾಟಿ ಮುಂದೆ ಹೋದರೆ ಕೃಷ್ಣಾ ಹೊಳೆ. ಸೇತುವೆಯ ಮೇಲೆ ಗಾಜು ಇಳಿಸಿ, ಕೈಮುಗಿದು, ನೀರಿಗೆ ಒಂದು ನಾಣ್ಯ ಹಾಕದೆ ಆಕೆ ಎಂದೂ ಆಚೆ ದಡ ಮುಟ್ಟಿದವಳಲ್ಲ. “ಹೊಳ್ಯಾಗ ಏನ್ ಮೊಬೈಲ್ ಒಗಿತೀರೇನು?” ಎಂದಳು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಮೊದಲು ಬಳೆಯ ಡಬ್ಬಿ ಇಟ್ಟು ನೋಡಿದೆ. ಕಾರು ಓಣಿ ದಾಟುವುದರೊಳಗೆ ಅದು ಭಜನೆ ಶುರು ಮಾಡಿತು. ಒಳಗೆ ಸ್ಪಂಜು ತುಂಬಿದೆ. ನಾಣ್ಯ ಒಳಗೆ ಹೋಯಿತು, ಹೊರಗೆ ಬರಲೊಲ್ಲದು. ಆಗ ಹೊಳೆಯಿತು: ಸಪ್ಪಳ ಮಾಡುವುದು ನಾಣ್ಯವಲ್ಲ, ಅದರ ಸುತ್ತ ಉಳಿದ ಖಾಲಿ ಜಾಗ. ಭರ್ತಿ ಚೀಲ ಸುಮ್ಮನಿರುತ್ತದೆ, ಅರ್ಧ ಖಾಲಿಯಾದದ್ದೇ ಕುಣಿಯುತ್ತದೆ. ಮ್ಯಾಟ್ರಿಕ್ ದಾಟದ ನನಗೆ ಈ ತತ್ವ ಕಂಡುಹಿಡಿಯಲು ಒಂದು ಮಳೆಗಾಲ ಬೇಕಾಯಿತು. ಒಂದೊಂದು ಅಳತೆಯ ನಾಣ್ಯಕ್ಕೆ ಒಂದೊಂದು ಕೊಳವೆ ಮಾಡಿ, ತಳದಲ್ಲಿ ಸೈಕಲ್ ಟ್ಯೂಬಿನ ರಬ್ಬರು ಬಿಗಿದೆ. ನಾಣ್ಯ ಎಷ್ಟೇ ಇರಲಿ, ರಬ್ಬರು ಕೆಳಗಿನಿಂದ ಅವನ್ನು ಬಾಯಿಯತ್ತ ಒತ್ತಿ ಹಿಡಿಯುತ್ತಿತ್ತು. “ಡಬ್ಬಿ ಬಾಯಿ ಮುಚ್ಚಿತು. ಇನ್ನ ನೀವ್ಯಾವಾಗ ಮುಚ್ಚತೀರಿ?” ಎಂದಳು ಹೆಂಡತಿ. ಬಾಯಿ ಮುಚ್ಚುವುದರಲ್ಲಿ ನಾನು ಎಂಥ ನಿಪುಣ ಎಂಬುದು ಆಕೆಗೆ ಗೊತ್ತಿಲ್ಲ.

ವಿಜಯಪುರವನ್ನು ನಾವೆಲ್ಲ ವಿಜಾಪುರ ಎನ್ನುತ್ತಿದ್ದ ಕಾಲದಲ್ಲಿ ಸಿದ್ಧೇಶ್ವರ ಗುಡಿಯ ಹತ್ತಿರ ನನ್ನ ಅಂಬಾಸಡರ್ ಟ್ಯಾಕ್ಸಿ ನಿಲ್ಲುತ್ತಿತ್ತು. ಸೊಲ್ಲಾಪುರ ರಸ್ತೆಯಲ್ಲಿ ಕುಶನ್ ಕೆಲಸದ ಗೆಳೆಯನೊಬ್ಬನಿದ್ದ. ರೆಕ್ಸಿನ್ನು ಹೊಲಿಯುವಾಗ ಅವನ ಬಾಯಲ್ಲಿ ಮೊಳೆ, ಕಿವಿಯಲ್ಲಿ ರೇಡಿಯೋ. ಅವನ ಅಂಗಡಿಯ ಹೊಸ ರೆಕ್ಸಿನ್ನಿನ ವಾಸನೆ ಇಂದಿಗೂ ನನಗೆ ಅತ್ತರಿಗಿಂತ ಹೆಚ್ಚು. ಅವನು ನನ್ನ ಗಾಡಿಯ ಡ್ಯಾಶ್‌ಬೋರ್ಡಿಗೆ ಹೊಸ ಹೊದಿಕೆ ಹಾಕಿ, ಕೆಳಗೆ ಕಟ್ಟಿಗೆಯ ಚಂದದ ಖಾನೆ ಕೂಡಿಸಿಕೊಟ್ಟ. ಅದೇ ವಾರ ಗಾಡಿಯೊಳಗೆ ಝಲ್ ಝಲ್ ಶುರುವಾಯಿತು.

ತಿರುಗಿ ಒಯ್ದೆ. ಬಿಚ್ಚಿದ, ಬಿಗಿದ. ಪಕ್ಕದಲ್ಲಿ ಕುಳಿತು, ಡ್ಯಾಶ್‌ಬೋರ್ಡಿಗೆ ಕಿವಿ ಹಚ್ಚಿ ತಿಕೋಟಾದವರೆಗೆ ಬಂದ. ಸಪ್ಪಳ ಹೋಗಲಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಗಿಸುವ ಚಟ ನನಗೆ. “ಹಾರ್ನ್ ಯಾಕ ಬೇಕ್ರಿ, ಮೇಸ್ತ್ರಿ ಗಾಡಿಗೆ ಗೆಜ್ಜಿ ಕಟ್ಟ್ಯಾನ” ಎಂದೆ. ಎಲ್ಲರೂ ನಕ್ಕರು. ಮರುದಿನದಿಂದ ಅವನು ಗೆಜ್ಜಿ ಮೇಸ್ತ್ರಿಯಾದ. ನಮ್ಮ ಕಡೆ ಅಡ್ಡಹೆಸರು ಒಮ್ಮೆ ಹತ್ತಿತೆಂದರೆ ಮೈಮೇಲಿನ ಹಚ್ಚೆಯಂತೆ. ಗೆಜ್ಜಿಯ ಕೈಗೆ ಗಾಡಿ ಕೊಡಲು ಡ್ರೈವರುಗಳು ಹಿಂದೆಮುಂದೆ ನೋಡತೊಡಗಿದರು. ಅವನು ಅಂಗಡಿ ಎತ್ತಿ, ಮಾವನ ಮನೆಯ ಆಸರೆಗೆ ತಿಕೋಟಾಕ್ಕೆ ಹೋದ.

ಮುಂದೆ ಗಾಡಿಯನ್ನು ಬಬಲೇಶ್ವರದ ಒಬ್ಬರಿಗೆ ಮಾರಿದೆ. ಅವರು ನನ್ನೆದುರಿಗೇ ಡ್ಯಾಶ್‌ಬೋರ್ಡಿನ ಬೂದಿಬಟ್ಟಲು ಕಿತ್ತರು. ಬೀಡಿ ಸೇದದ ನಾನು ಹೊಳೆಗೆ ಹಾಕುವ ಚಿಲ್ಲರೆಯನ್ನು ಅದರಲ್ಲೇ ಇಡುತ್ತಿದ್ದೆ. ಬಟ್ಟಲಿನ ಹಿಂಬದಿ ತುಕ್ಕು ತಿಂದು ಬಾಯಿ ಬಿಟ್ಟಿತ್ತು. ಅದರ ಹಿಂದೆ, ಮೇಸ್ತ್ರಿ ಮುಟ್ಟದ ತಗಡಿನ ಸಂದಿಯಲ್ಲಿ, ಒಂದು ಬೊಗಸೆ ನಾಣ್ಯ. “ಕಾಕಾ, ಗಾಡಿ ಜೋಡಿ ಹುಂಡಿನೂ ಕೊಟ್ರಲ್ಲ” ಎಂದು ಅವರು ನಕ್ಕರು. ನಾನೂ ನಕ್ಕೆ. ಬಬಲೇಶ್ವರದಿಂದ ತಿಕೋಟಾ ಏನು ದೂರದ ಊರಲ್ಲ. ನಾನು ಬಸ್ಸು ಹತ್ತಿದ್ದು ಮಾತ್ರ ವಿಜಾಪುರಕ್ಕೆ.

ಈ ಸಲ, ಡಬ್ಬಿಯ ಒಳಮೈಗೆ ಹಚ್ಚಲು ಮೆತ್ತನೆಯ ಬಟ್ಟೆಯ ಚೂರು ಬೇಕೆಂಬ ನೆಪ ಕಟ್ಟಿಕೊಂಡು ತಿಕೋಟಾಕ್ಕೆ ಹೋದೆ. ಪಾನಪಟ್ಟಿ ಅಂಗಡಿಯಲ್ಲಿ ಅವನ ನಿಜವಾದ ಹೆಸರು ಹೇಳಿ ವಿಚಾರಿಸಿದೆ. ಅಂಥವರು ಈ ಊರಲ್ಲಿ ಇಲ್ಲವೆಂದರು. ಕುಶನ್ ಕೆಲಸ ಎಂದ ಮೇಲೆ ಅಂಗಡಿಯವನ ಮುಖ ಅರಳಿತು. “ಗೆಜ್ಜಿ ಕಾಕಾನೇನ್ರಿ? ಮೊದಲೇ ಹಂಗ ಕೇಳಬಾರದ?” ಅಂಗಡಿಯ ಫಲಕದ ಮೇಲೂ ಅದೇ ಇತ್ತು: ಗೆಜ್ಜಿ ಕುಶನ್ ವರ್ಕ್ಸ್.

“ಬಾ ಗುರಣ್ಣಾ, ಕುಂದರು” ಎಂದ. ಗಡ್ಡ ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು. ಚಹಾ ತರಿಸಿದ. ನನ್ನ ಡಬ್ಬಿಗೆ ತಾನೇ ಮಖಮಲ್ಲು ಕತ್ತರಿಸಿ ಅಂಟಿಸಿದ. ನಾಣ್ಯ ತುಂಬಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಸಪ್ಪಳವಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ.

“ನಿನ್ನ ಅಂಬಾಸಡರದ ಸಪ್ಪಳ ಮಾತ್ರ ನನಗ ಸಿಗಲೇ ಇಲ್ಲ ನೋಡು. ಈಗೂ ಒಮ್ಮೊಮ್ಮೆ ಕೆಲಸ ಮಾಡಕೋತ ವಿಚಾರ ಮಾಡ್ತೀನಿ, ಎಲ್ಲಿ ತಪ್ಪಿದ್ನಿ ಅಂತ.”

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆಯನ್ನು ದೇವರು ಕೊಡಲಾರ. ನಾನು ಹೇಳಿದ್ದು, “ಹಳೇ ಗಾಡಿ, ಬಿಡು ಮಾರಾಯಾ.” ಚಹಾ ಮುಗಿಸಿ, ಡಬ್ಬಿ ಹಿಡಿದು ಬಂದುಬಿಟ್ಟೆ.

ಎದುರು ಕುಳಿತು ಬಾಯಿ ಬಿಡಲಾರದ ಮನುಷ್ಯ ಬರೆಯಲು ಕೂರುತ್ತಾನೆ. ಇದೂ ಒಂದು ಹೇಡಿತನವೇ. ಇರಲಿ. ತಿಕೋಟಾದವರು ಯಾರಾದರೂ ಇದನ್ನು ಓದಿದರೆ ಆ ಅಂಗಡಿಗೆ ಹೋಗಿ ಗಟ್ಟಿಯಾಗಿ ಓದಿ ಹೇಳಿ. ಖಾನೆ ಭದ್ರವಾಗಿತ್ತು. ಹೊಲಿಗೆ ಭದ್ರವಾಗಿತ್ತು. ಸಪ್ಪಳ ನನ್ನ ಚಿಲ್ಲರೆಯದು. ಆ ಮೇಸ್ತ್ರಿಯ ಹೆಸರು ಗೆಜ್ಜಿ ಅಲ್ಲ. ಬಂದಗೀಸಾಬ ನದಾಫ.