ಡಾಕ್ಟರಿಗೆ ವೈನಿ ಕೊಟ್ಟ ಉತ್ತರ

ನನ್ನ ಅಣ್ಣ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯೊಂದರ ಗುಮಾಸ್ತ. ಕುಡಿಯುತ್ತಿದ್ದ. ಆದರೆ ಬೀದಿಯಲ್ಲಿ ಬಿದ್ದವನಲ್ಲ, ಯಾರ ಮೇಲೂ ಕೈ ಎತ್ತಿದವನಲ್ಲ. ಹಾಗಾಗಿ ಮನೆಯಲ್ಲಿ ಯಾರೂ ಅದನ್ನು ಕುಡಿತ ಎನ್ನುತ್ತಿರಲಿಲ್ಲ. "ಸ್ವಲ್ಪ ತಗೋತಾನ" ಎನ್ನುತ್ತಿದ್ದೆವು.

ಹೋದ ವರ್ಷ ಮೆಣಸಿನಕಾಯಿ ಆವಕದ ದಿನಗಳಲ್ಲಿ ಅವನಿಗೆ ನೆಟ್ಟಗೆ ನಿಲ್ಲಲಾಗದಷ್ಟು ಹೊಟ್ಟೆನೋವು ಬಂತು. ಹಾವೇರಿಯ ಖಾಸಗಿ ಆಸ್ಪತ್ರೆಗೆ ಸೇರಿಸಿದರು. ರಾಣೇಬೆನ್ನೂರಿನ ನನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ನಾನೂ ಓಡಿದೆ. "ಕುಡಿಯೋ ಚಟ ಐತೇನ್ರಿ?" ಎಂದು ಡಾಕ್ಟರು ಕೇಳಿದಾಗ ಅಣ್ಣ "ಇಲ್ರಿ" ಎಂದ. ಅವನ ಹೆಂಡತಿ, ನಮ್ಮ ವೈನಿ, ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳು.

ಹೊರಗೆ ನಮ್ಮ ಸೋದರಮಾವ ಅವಳನ್ನು ಬದಿಗೆ ಕರೆದ. ಅಣ್ಣನಿಗೆ ಆರೋಗ್ಯ ವಿಮೆ ಮಾಡಿಸಿಕೊಟ್ಟವನು ಅವನೇ.

"ಬಾಯಿ ಬಿಟ್ಟೀಯವಾ ಮತ್ತ. ಕುಡದು ಬಂದ ನೋವು ಅಂತ ಬರದ್ರ ವಿಮಾದವ್ರು ಏನೂ ಕೊಡಾಂಗಿಲ್ಲ. ಇಲ್ಲೀ ಬಿಲ್ಲು ಯಾರು ಕಟ್ಟಾವ್ರು?"

ಮರುದಿನ ಮಧ್ಯಾಹ್ನ ಅಣ್ಣನ ಕೈ ನಡುಗತೊಡಗಿತು. ಮೈಯೆಲ್ಲ ಬೆವರು. ಮೇಲಿನ ಫ್ಯಾನು ನೋಡುತ್ತ "ಚೀಲಾ ಬೀಳಾಕತ್ತಾವ, ಹಿಡೀರ್ಲೇ!" ಎಂದು ಕೂಗಿ ಸಲೈನಿನ ಸೂಜಿ ಕಿತ್ತುಕೊಂಡ. ಡಾಕ್ಟರು ವೈನಿಯ ಮುಂದೆ ಬಂದು ನಿಂತರು.

"ಖರೇ ಹೇಳ್ರಿ. ಇವರು ಕುಡೀತಾರೇನು? ದಿನಾ ಕುಡಿಯೋರಿಗೆ ಒಮ್ಮೆಲೇ ನಿಂತ್ರ ಹಿಂಗಾಗ್ತೈತಿ. ಔಷಧ ಅದರ ಮ್ಯಾಲೆ ಐತಿ."

ಮಾವ ಕೆಮ್ಮಿದ. ವೈನಿ ಅವನತ್ತ ತಿರುಗಲಿಲ್ಲ.

"ದಿನಾ ಕುಡೀತಾರ್ರೀ. ಮುಂಜಾನೆ ಎದ್ದ ಕೂಡ್ಲೇ ಬೇಕು. ಬರಕೋರಿ."

ಔಷಧ ಬದಲಾಯಿತು, ನಿಧಾನಕ್ಕೆ ಅಣ್ಣನಿಗೆ ನಿದ್ದೆ ಹತ್ತಿತು. ವಿಮೆ ಬರಲಿಲ್ಲ. ಮನೆ ಕಟ್ಟಲೆಂದು ಕೊಂಡಿದ್ದ ಜಾಗ ಮಾರಿ ಬಿಲ್ಲು ಕಟ್ಟಿದರು. ಮಾವ ವೈನಿಯೊಡನೆ ಮಾತು ಬಿಟ್ಟ.

ಯಾರ ಮೇಲೆ ಸಿಟ್ಟಾಗಬೇಕೆಂದು ನನಗೆ ಈಗಲೂ ತಿಳಿಯದು. ಡಾಕ್ಟರು ಇದ್ದದ್ದನ್ನೇ ಬರೆದರು. ಮಾವನೂ ನಮ್ಮ ಒಳಿತಿಗೇ ಹೇಳಿದ್ದ. ಆದರೆ ಕುಡಿತ ರೋಗವೆಂದು ಔಷಧ ಕೊಡುವ ಜಗತ್ತೇ, ಬಿಲ್ಲಿನ ಹೊತ್ತಿಗೆ ಅದನ್ನು ತಪ್ಪೆನ್ನುತ್ತದೆ. ಆ ಎರಡರ ನಡುವೆ ನಿಂತು ಬಾಯಿ ಬಿಡಬೇಕಾದವಳು ವೈನಿ.

ಮನೆಗೆ ಬಂದ ಮೇಲೆ ಅಣ್ಣ "ಜಾಗಾ ಹೋತಲ್ಲ" ಎಂದು ಅತ್ತ. "ಹೋದ್ರ ಹೋತು. ಇಡ್ಲಿ ಆರಾಕತ್ತಾವ, ತಿನ್ರಿ" ಎಂದಳು ವೈನಿ.

ದೀಪಾವಳಿಗೆ ಅವನು ಮತ್ತೆ ಕುಡಿದ. ಅವಳು ಕೂಗಾಡಲಿಲ್ಲ, ಹಾವೇರಿಯ ಸರ್ಕಾರಿ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕರೆದೊಯ್ದಳು. ಅಲ್ಲಿಗೆ ಈಗ ಪ್ರತಿ ತಿಂಗಳೂ ಇಬ್ಬರೂ ಹೋಗುತ್ತಾರೆ. ಆಮೇಲೆ ಅಣ್ಣ ಕುಡಿದಿಲ್ಲ. ಮುಂದೆ ಹೇಗೋ, ಹೇಳಲಾರೆ.

ಈಚೆಗೆ ಅಣ್ಣ ನನ್ನನ್ನು ಕರೆದುಕೊಂಡು ಮಾವನ ಮನೆಗೆ ಹೋದ. ಹೊಸ್ತಿಲಲ್ಲೇ ನಿಂತು, "ಮಾಮಾ, ಕುಡೀತಿದ್ದಾಂವ ನಾನು. ಆಕೀ ಮ್ಯಾಲೆ ಸಿಟ್ಟು ಬ್ಯಾಡ" ಎಂದ. ಮಾವ ಚಾಪೆ ಹಾಸಿ, "ಆಕೀನ್ನ ಯಾಕ ಬಿಟ್ಟು ಬಂದ್ರಿ?" ಎಂದು ಕೇಳಿದ.