ವಾಸಿಯಾದ ಸೀತಾಳೆ

ಉಪ್ಪಿನಕಾಯಿ ಜಾಡಿಯ ಬಾಯಲ್ಲಿ ಬಿಳಿಯ ಬೂಷ್ಟು ಕಂಡೊಡನೆ ನಮ್ಮ ಮನೆಯಲ್ಲಿ ಯುದ್ಧಘೋಷವಾಗುತ್ತದೆ. ಸೇನಾಧಿಪತಿ ನನ್ನ ಹೆಂಡತಿ, ಜಾಡಿ ತೊಳೆಯುವ ಕಾಲಾಳು ನಾನು. ಬೂಷ್ಟಿನಲ್ಲಿಯೂ ಸಜ್ಜನರಿರಬಹುದೆಂಬ ಸಂಶಯ ಈ ಇಳಿವಯಸ್ಸಿನ ತನಕ ನನಗೆ ಬಂದಿರಲೇ ಇಲ್ಲ, ಸ್ವಾಮಿ. ಅದನ್ನು ತಲೆಗೆ ಹಾಕಿದವಳು ಅಣ್ಣನ ಮಗಳು ಸುಧಾ.

ಮಂಡ್ಯದ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುವ ಅವಳಿಗೆ, ಮಳವಳ್ಳಿಯ ನಮ್ಮ ಹೊಲದ ಮಾವಿನಮರಕ್ಕೆ ಅಂಟಿಕೊಂಡಿದ್ದ ಸೀತಾಳೆಯ, ಅಂದರೆ ಪೇಟೆಯವರು ಆರ್ಕಿಡ್ ಎನ್ನುವ ಗಿಡದ, ಬೇರಿನೊಳಗೆ ಒಂದು ಶಿಲೀಂಧ್ರ ಸಿಕ್ಕಿತ್ತು. ಸೀತಾಳೆಯ ಧೂಳಿನಂಥ ಬೀಜಕ್ಕೆ ತುತ್ತುಣಿಸಿ ಸಾಕುವುದು ಇಂಥ ಬೂಷ್ಟೇ ಅಂತೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದಾಗ, ಮಾತ್ರೆಗಳಿಗೆ ಜಗ್ಗದ ರೋಗಾಣುಗಳೂ ಅದರ ಹತ್ತಿರ ಸುಳಿಯಲಿಲ್ಲ. ಸಕ್ಕರೆ ಕಾಯಿಲೆಯ ಕೃಪೆಯಿಂದ ಅಂಥವೇ ರೋಗಾಣುಗಳಿಗೆ ನನ್ನ ಪಾದವನ್ನು ಗೇಣಿಗೆ ಕೊಟ್ಟಿರುವ ನಾನು, ಅದು ಔಷಧವಾಗಿ ಬರುವಷ್ಟರಲ್ಲಿ ನಾನಿರುವುದಿಲ್ಲವೆಂದು ತಿಳಿದೂ, ನಾಚಿಕೆಯಿಲ್ಲದೆ ಆಸೆಪಟ್ಟೆ.

ತಟ್ಟೆಯಲ್ಲಿ ಮೊದಲು ಬೆಳೆಸಿದ ಬೂಷ್ಟು ಕೆಟ್ಟುಹೋಯಿತು. ಬ್ಲಫ್ ಎಂಬ ಊರಿನ ಕಡೆಯ ಹೊಳೆಸಾಲಿನ ಮರಗಳನ್ನೆಲ್ಲ ಹುಡುಕಿದರೂ ಆ ಜಾತಿಯ ಸೀತಾಳೆ ಸಿಗದೆ, ಸುಧಾ ನಮ್ಮ ಮರಕ್ಕೇ ಮರಳಿ ಬಂದಳು. ಅವಳ ವರ್ಷಗಳ ದುಡಿಮೆಯೆಲ್ಲ ಆ ಒಂದು ಗಿಡದಲ್ಲಿತ್ತು. ನೋಡಿದರೆ ಬೇರಿನ ತುಂಬ ಒಣಗಿದ ಹನಿಗಳ ಬಿಳಿಯ ಕಲೆ.

"ಬೇರ್ನೊಳ್ಗೆ ಬೂಷ್ಟು ಸೇರ್ಕಂಡದೆ ಅಂದಿದ್ಯಲ್ಲವ್ವ, ನಿನ್ ಗಿಡ ಸತ್ತೋದಾತು ಅಂತ ಔಸ್ದಿ ಒಡ್ದೆ. ಒಳೀಕ್ಕೇ ಇಳಿಯೋ ಅಂತಾದ್ದು, ಮದ್ದೂರಿಂದ ತರಿಸ್ದೆ," ಎಂದ ಅಣ್ಣ, ಮಗಳ ಶಹಭಾಸ್‌ಗಿರಿಗಾಗಿ ಕಾಯುತ್ತ.

ಭತ್ತವಿರಲಿ, ಟೊಮೆಟೊ ಇರಲಿ, ಬೂಷ್ಟೆಂದರೆ ಔಷಧದ ಕ್ಯಾನನ್ನು ಬೆನ್ನಿಗೇರಿಸುವ ಕುಲ ನಮ್ಮದು. ನೆಗಡಿಯಾದರೂ ಮೆಡಿಕಲ್ ಶಾಪಿನಲ್ಲಿ ಜೋರು ಮಾತ್ರೆಯನ್ನೇ ಕೇಳುತ್ತೇವೆ. ಹೀಗೆ ಹೊಡೆದೂ ಹೊಡೆದೂ ರೋಗಾಣುಗಳನ್ನು ಜಟ್ಟಿಗಳನ್ನಾಗಿ ಮಾಡಿ, ಅವನ್ನು ಮಣಿಸಬಲ್ಲ ಒಂದೇ ಒಂದನ್ನು ಅಕ್ಕರೆಯಿಂದ ಕೊಂದೆವು. ನನಗೆ ಮೈಯೆಲ್ಲ ಉರಿಯಿತು. ಆದರೆ ಅಪ್ಪನ ಪ್ರೀತಿಯನ್ನು ಯಾವ ಬಾಯಲ್ಲಿ ಬೈಯುವುದು? ಸುಧಾ ಬೇರು ಕತ್ತರಿಸಿಕೊಂಡು ಮಂಡ್ಯದ ಬಸ್ಸು ಹತ್ತಿದಳು.

ಕೆಲವು ವಾರಗಳ ಮೇಲೆ ಅವಳ ಫೋನು ಬಂತು. "ಏನೂ ಬೆಳೀಲಿಲ್ಲ ಚಿಕ್ಕಪ್ಪ, ತಟ್ಟೆ ಕ್ಲೀನಾಗಿದೆ. ತನ್ನಿಂದ ಹೀಗಾಯ್ತು ಅಂತ ಅಪ್ಪಂಗೆ ಗೊತ್ತಾಗೋದು ಬೇಡ."

ಪಕ್ಕದಲ್ಲೇ ಕೂತಿದ್ದ ಅಣ್ಣ ಕೇಳಿದ: "ಏನಂತ್ಲಾ ಮಗ?"

"ಬೂಷ್ಟು ಪೂರ್ತಿ ಹೋಯ್ತಂತೆ," ಎಂದೆ.

"ನಾ ಯೋಳ್ನಿಲ್ವಾ! ಗಿಡ ಉಸಾರಾಯ್ತು ಕಣ್ಲಾ. ತಿರ್ಗಾ ಬಂದಾತು, ಇನ್ನೊಂದ್ ಕಿತ ಒಡ್ದುಬುಡ್ತೀನಿ," ಎಂದು ಎದ್ದು ಹೊಲದ ಕಡೆ ಹೊರಟ. ಅವನನ್ನು ತಡೆಯಲು ನನ್ನಲ್ಲಿ ಕಾರಣವೇನೂ ಉಳಿದಿರಲಿಲ್ಲ.